ಗುಮಾನಿ ಮತ್ತು ಪುರಾವೆ

ಅಬ್ಬಾರ ಬಾಡಿಗೆ ಸೈಕಲ್ ಅಂಗಡಿಯ ಮುಂದೆ ಒಂದು ಮರದ ಬೆಂಚಿತ್ತು. 1980ರ ದಶಕದ ಕೊನೆಯ ವರ್ಷಗಳು. ನನಗೆ ಎಂಟೋ ಒಂಬತ್ತೋ ವಯಸ್ಸು. ಸಂಜೆ ಮಾಮು ಅಲ್ಲಿ ಕುಳಿತು ಉರ್ದು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಪಕ್ಕದ ಕಿರಾಣಿ ಅಂಗಡಿಯವರು ಕನ್ನಡ ಪತ್ರಿಕೆ ಹಿಡಿದು ಬರುತ್ತಿದ್ದರು. ಎರಡರಲ್ಲೂ ಬೋಫೋರ್ಸ್ ಸುದ್ದಿಯೇ. ಒಂದು ದಿನ ಮಾಮು ಪತ್ರಿಕೆ ಮಡಚಿ, "ಸ್ವೀಡನ್ನಿನ ಪ್ರಧಾನಿಯನ್ನು ಕೊಲ್ಲಿಸಿದ್ದು ಈ ತೋಪಿನ ದಲ್ಲಾಳಿಗಳೇ. ಇದು ಗುಮಾನಿಯಲ್ಲ, ಯಕೀನ್" ಎಂದರು.

"ನೀವು ಕಂಡೀರೇನು ಸಾಹೇಬ್ರೆ?" ಎಂದರು ಕಿರಾಣಿಯವರು.

"ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಅಣ್ಣಾ?" ಎಂದರು ಮಾಮು.

ಆ ಪ್ರಶ್ನೆಗೆ ಆಗ ಯಾರೂ ಉತ್ತರಿಸಲಿಲ್ಲ. ನಾನು ಮಾತ್ರ ಅದನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ.

ನಡೆದದ್ದು ಇಷ್ಟು. 1986ರ ಫೆಬ್ರವರಿ 28ರ ರಾತ್ರಿ ಸ್ವೀಡನ್ನಿನ ಪ್ರಧಾನಿ ಒಲೋಫ್ ಪಾಲ್ಮೆ ಹೆಂಡತಿ ಲಿಸ್ಬೆತ್ ಜೊತೆ ಸಿನಿಮಾ ನೋಡಿಕೊಂಡು ನಡೆದೇ ಮನೆಗೆ ಹೊರಟಿದ್ದರು. ಅಂಗರಕ್ಷಕರನ್ನು ಆ ದಿನ ಮೊದಲೇ ಕಳಿಸಿಬಿಟ್ಟಿದ್ದರು. ಸ್ಟಾಕ್‌ಹೋಮಿನ ದೊಡ್ಡ ರಸ್ತೆಯೊಂದರ ಮೂಲೆಯಲ್ಲಿ ಒಬ್ಬ ಹಿಂದಿನಿಂದ ಬಂದು ಗುಂಡು ಹಾರಿಸಿದ. ಎರಡನೆಯ ಗುಂಡು ಲಿಸ್ಬೆತ್ ಅವರನ್ನು ಸವರಿಕೊಂಡು ಹೋಯಿತು. ಕೊಲೆಗಾರ ಪಕ್ಕದ ಗಲ್ಲಿಯ ಮೆಟ್ಟಿಲು ಹತ್ತಿ ಓಡಿಹೋದ. ಪಿಸ್ತೂಲು ಇಂದಿಗೂ ಸಿಕ್ಕಿಲ್ಲ.

ಪಾಲ್ಮೆಗೆ ವೈರಿಗಳು ಕಡಿಮೆಯಿರಲಿಲ್ಲ. ವಿಯೆಟ್ನಾಂ ಯುದ್ಧದ ವಿರುದ್ಧ ಮಾತಾಡಿದವರು. ಸಾಯುವ ಒಂದು ವಾರ ಮೊದಲಷ್ಟೇ ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ವೇದಿಕೆಯ ಮೇಲೆ ನಿಂತು ಖಂಡಿಸಿದ್ದರು. ಭಾರತಕ್ಕೆ 410 ಬೋಫೋರ್ಸ್ ತೋಪು ಮಾರುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಕೊಲೆಯಾಗಿ ತಿಂಗಳೊಳಗೆ, ಮಾರ್ಚ್ 24ರಂದು. ಲಂಚದ ಸುದ್ದಿ ಸ್ವೀಡನ್ನಿನ ರೇಡಿಯೋದಿಂದ ಹೊರಬಿದ್ದದ್ದು ಮರುವರ್ಷ ಏಪ್ರಿಲ್‌ನಲ್ಲಿ. ಇವನ್ನೆಲ್ಲ ಸಾಲಾಗಿ ಜೋಡಿಸಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಕತೆ ಬರೆಯುವ ನನಗೆ ಗೊತ್ತು, ಸಾಲಾಗಿ ಜೋಡಿಸುವುದರಲ್ಲೇ ಅರ್ಧ ಕತೆ ಮುಗಿದಿರುತ್ತದೆ.

ಆದರೆ ವೈರತ್ವ ಪುರಾವೆಯಲ್ಲ. ಒಬ್ಬನನ್ನು ಕೊಲ್ಲಲು ಹತ್ತು ಜನರಿಗೆ ಕಾರಣವಿದ್ದರೆ ಆ ಕಾರಣಗಳಿಂದಲೇ ಕನಿಷ್ಠ ಒಂಬತ್ತು ಜನರ ಬಗ್ಗೆ ನಾವು ತಪ್ಪು ತಿಳಿಯುತ್ತೇವೆ. ಆದ್ದರಿಂದ ಯಾವುದೇ ಸುಳಿವು ಸಿಕ್ಕಾಗ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಶಂಕೆ ಸುಳ್ಳಾಗಿದ್ದರೂ ಈ ಸುಳಿವು ಸಿಗುತ್ತಿತ್ತೇ?

ಅಂಗರಕ್ಷಕರು ಇರಲಿಲ್ಲವೆಂಬುದನ್ನು ತೂಗಿ ನೋಡೋಣ. ಸಂಚು ನಡೆಸಿದವರಿಗೆ ಅದು ಅನುಕೂಲ, ನಿಜ. ಆದರೆ ಪಾಲ್ಮೆ ಎಷ್ಟೋ ಸಲ ಹಾಗೆ ಒಂಟಿಯಾಗಿ ತಿರುಗಾಡುತ್ತಿದ್ದವರು. ಸಂಚು ಇಲ್ಲದಿದ್ದರೂ ಆ ರಾತ್ರಿ ಅವರು ಒಂಟಿಯಾಗಿಯೇ ಇರಬಹುದಿತ್ತು. ಸಿನಿಮಾಕ್ಕೆ ಹೋಗುವುದನ್ನು ಗಂಡಹೆಂಡಿರು ಖಚಿತಪಡಿಸಿಕೊಂಡದ್ದು ಅದೇ ಸಂಜೆ. ಬಹಳ ದಿನಗಳಿಂದ ಹೂಡಿದ ಸಂಚು ಎಂಬ ವಾದಕ್ಕೆ ಇದು ಎದುರಾಗುತ್ತದೆ. ವಾದ ಉಳಿಯಬೇಕಾದರೆ ಅವರನ್ನು ಯಾರೋ ಹಿಂಬಾಲಿಸುತ್ತಿದ್ದರು, ಇಲ್ಲವೇ ಫೋನ್ ಕದ್ದಾಲಿಸುತ್ತಿದ್ದರು ಎಂದು ಸೇರಿಸಬೇಕು. ಹೀಗೆ ಸೇರಿಸಿದ ಪ್ರತಿಯೊಂದಕ್ಕೂ ಬೇರೆಯೇ ಪುರಾವೆ ಬೇಕಲ್ಲವೇ?

ಪೊಲೀಸರು ಎಡವಿದ್ದು ಇನ್ನೊಂದು ಸುಳಿವು. ಕೊಲೆಯಾದ ಜಾಗಕ್ಕೆ ಸುತ್ತ ಕಟ್ಟಿದ ಹಗ್ಗದ ಆವರಣ ತೀರಾ ಸಣ್ಣದಾಗಿತ್ತು. ಗುಂಡುಗಳನ್ನು ಕಂಡದ್ದು ಪೊಲೀಸರಲ್ಲ, ದಾರಿಹೋಕರು. ಬೇಕೆಂದೇ ಹೀಗೆ ಮಾಡಿದರು ಎನ್ನುವವರಿದ್ದಾರೆ. ಆದರೆ ನಿರ್ಲಕ್ಷ್ಯಕ್ಕೆ ಸಂಚಿನ ಅಗತ್ಯವಿಲ್ಲ. ಸಂಚಿಲ್ಲದ ಪ್ರಕರಣಗಳಲ್ಲೂ ಪೊಲೀಸರು ಎಡವುವುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಸಾಕ್ಷಿ ಸಿಕ್ಕರೆ ಸಂಚು, ಸಿಗದಿದ್ದರೆ ಸಾಕ್ಷಿ ನಾಶಮಾಡಿದ ಸಂಚು, ಆರೋಪಿ ಅಲ್ಲಗಳೆದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ. ಏನು ನಡೆದರೂ ಗೆಲ್ಲುವ ವಾದ ತನಿಖೆಯಲ್ಲ, ಜೂಜುಕೋರನ ಮೋಸದ ಎಲೆ.

ಹಾಗೆಂದು ಸಂಚೆಂದರೆ ಮೂಗು ಮುರಿಯುವುದೂ ಸರಿಯಲ್ಲ. ವರ್ಣಭೇದದ ಸರಕಾರ ತನ್ನ ವಿರೋಧಿಗಳನ್ನು ಪರದೇಶಗಳಲ್ಲಿ ಕೊಲ್ಲಿಸಿದ್ದು ಕಟ್ಟುಕತೆಯಲ್ಲ. 1982ರಲ್ಲಿ ಮಪುಟೊ ನಗರದಲ್ಲಿ ರೂತ್ ಫಸ್ಟ್ ಅವರನ್ನು ಅಂಚೆಯಲ್ಲಿ ಬಾಂಬು ಕಳಿಸಿ ಕೊಂದರು. ಬೋಫೋರ್ಸ್ ಕಂಪೆನಿ ಗುಟ್ಟಾಗಿ ಹಣ ಸಂದಾಯ ಮಾಡಿದ್ದನ್ನು ಸ್ವೀಡನ್ನಿನ ಲೆಕ್ಕಪರಿಶೋಧಕರೇ ದೃಢಪಡಿಸಿದರು. ಗುಟ್ಟುಗಳು ಇದ್ದವು. ಆದರೆ ಹಣ ಸಂದಾಯವಾದದ್ದು ಒಂದು ಸತ್ಯ, ಅದಕ್ಕಾಗಿ ಕೊಲೆಯಾಯಿತು ಎಂಬುದು ಇನ್ನೊಂದು ಮಾತು. ಮೊದಲನೆಯದರ ಪುರಾವೆಯನ್ನು ಎರಡನೆಯದರ ಲೆಕ್ಕಕ್ಕೆ ಜಮಾ ಮಾಡುವಂತಿಲ್ಲ. ಆ ತೋಪುಗಳನ್ನು ಭಾರತಕ್ಕೆ ಮಾರಲು ಸ್ವತಃ ಪಾಲ್ಮೆಯೇ ಓಡಾಡಿದ್ದರು ಎಂಬುದು ಮಾಮುವಿನ ಪತ್ರಿಕೆಯಲ್ಲಿ ಬಂದಿತ್ತೋ ಇಲ್ಲವೋ.

ಇದನ್ನೆಲ್ಲ ಬರಿಯ ತರ್ಕದ ಕಸರತ್ತು ಎನ್ನುವವರು ಕುರ್ದ್ ಜನರ ಕತೆ ಕೇಳಬೇಕು. ಸ್ಟಾಕ್‌ಹೋಮಿನ ಪೊಲೀಸ್ ಮುಖ್ಯಸ್ಥ ಹಾನ್ಸ್ ಹೋಲ್ಮೆರ್ ಈ ಕೊಲೆ ಕುರ್ದಿಶ್ ಬಂಡುಕೋರ ಸಂಘಟನೆ ಪಿಕೆಕೆಯದ್ದೇ ಎಂದು ನಂಬಿದ. ಆ ಸಂಘಟನೆಯನ್ನು ಬಿಟ್ಟುಹೋದ ಇಬ್ಬರು ಅದಕ್ಕೂ ಮುಂಚೆ ಸ್ವೀಡನ್ನಿನಲ್ಲೇ ಕೊಲೆಯಾಗಿದ್ದರಿಂದ ಶಂಕೆಗೆ ಒಂದಿಷ್ಟು ನೆಲೆಯಿತ್ತು. ಆದರೆ ಆತ ಶಂಕೆಯಿಂದ ಹೊರಟು ಪುರಾವೆ ಹುಡುಕಲಿಲ್ಲ, ತೀರ್ಮಾನದಿಂದಲೇ ಹೊರಟ. 1987ರ ಜನವರಿಯಲ್ಲಿ ಕುರ್ದರ ಮನೆಗಳ ಮೇಲೆ ದಾಳಿಯಾಯಿತು, ಹಿಡಿದವರನ್ನು ಬಿಡಬೇಕಾಯಿತು. ಹೋಲ್ಮೆರ್ ತನಿಖೆಯಿಂದ ಹೊರಬಿದ್ದ. ಮರುವರ್ಷ ಅದೇ ನಂಬಿಕೆಯ ಬೆನ್ನು ಹತ್ತಿ ಖಾಸಗಿ ತನಿಖೆಗೆ ಇಳಿದವನೊಬ್ಬನಿಗೆ ಬೆಂಬಲ ಪತ್ರ ಕೊಟ್ಟಿದ್ದ ಕಾನೂನು ಮಂತ್ರಿ ಕುರ್ಚಿ ಕಳೆದುಕೊಂಡರು. ಯುದ್ಧ, ಜೈಲುಗಳಿಂದ ತಪ್ಪಿಸಿಕೊಂಡು ಆ ದೇಶದ ಆಸರೆಗೆ ಬಂದಿದ್ದ ಕುರ್ದರಿಗೆ ಮಾತ್ರ "ಪ್ರಧಾನಿಯನ್ನು ಕೊಂದವರು" ಎಂಬ ನೋಟದಿಂದ ಬಿಡುಗಡೆ ಅಷ್ಟು ಬೇಗ ಸಿಗಲಿಲ್ಲ. ಆ ನೋಟ ಎಂಥದೆಂದು ನಮ್ಮ ಓದುಗರಲ್ಲಿ ಕೆಲವರಿಗೆ ವಿವರಿಸಬೇಕಾಗಿಲ್ಲ.

ಗುಂಪಿಗೆ ಆದದ್ದೇ ಒಬ್ಬೊಬ್ಬರಿಗೂ ಆಯಿತು. 1989ರಲ್ಲಿ ಕುಡುಕನೊಬ್ಬನನ್ನು ಲಿಸ್ಬೆತ್ ಗುರುತಿಸಿದರೆಂದು ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ಗುರುತು ಹಿಡಿಸಿದ ಕ್ರಮವೇ ಸರಿಯಿರಲಿಲ್ಲ, ಆಯುಧವೂ ಇರಲಿಲ್ಲ, ಮೇಲಿನ ನ್ಯಾಯಾಲಯ ಅದೇ ವರ್ಷ ಬಿಡುಗಡೆ ಮಾಡಿತು. 2020ರ ಜೂನ್‌ನಲ್ಲಿ ಸರಕಾರಿ ವಕೀಲರು ಇನ್ನೊಬ್ಬನ ಹೆಸರು ಹೇಳಿ ಕಡತ ಮುಚ್ಚಿದರು. ಆತ 2000ದಲ್ಲೇ ಸತ್ತಿದ್ದ; ಉತ್ತರ ಕೊಡುವಂತಿರಲಿಲ್ಲ. 2025ರ ಕೊನೆಯಲ್ಲಿ ಇನ್ನೊಬ್ಬ ಹಿರಿಯ ಸರಕಾರಿ ವಕೀಲರು ಪರಿಶೀಲಿಸಿ, ಆತನನ್ನು ಕೊಲೆಗಾರನೆನ್ನಲು ಪುರಾವೆ ಸಾಲದು ಎಂದರು. ಈ ಇಬ್ಬರ ಹೆಸರನ್ನೂ ನಾನು ಬೇಕೆಂದೇ ಬರೆದಿಲ್ಲ.

ಗುಮಾನಿ ಎಂಬ ಪದ ಉರ್ದುವಿನ ಗುಮಾನ್‌ನಿಂದ ನಮ್ಮ ಕನ್ನಡಕ್ಕೆ ಬಂದದ್ದು. ಯಕೀನ್ ಮಾತ್ರ ಅದರ ಜೊತೆಗೆ ಬರಲಿಲ್ಲ. ಶಂಕಿಸುವುದು ತಪ್ಪಲ್ಲ, ಶಂಕೆಯಿಲ್ಲದೆ ತನಿಖೆಯೇ ಇಲ್ಲ. ಆದರೆ ಶಂಕೆ ನನ್ನೊಳಗೆ ಇರುವ ತನಕ ಅದು ಪ್ರಶ್ನೆ; ಒಬ್ಬರ ಹೆಸರಿಗೆ ಅಂಟಿಸಿ ಬೀದಿಗೆ ಬಿಟ್ಟ ಮೇಲೆ ಅದು ಶಿಕ್ಷೆ. "ಗೊತ್ತಿಲ್ಲ" ಎನ್ನುವುದು ಸೋಲಿನ ಮಾತಾಗಿ ಕೇಳಿಸುತ್ತದೆ. ನಾಲ್ಕು ದಶಕಗಳ ತನಿಖೆಯ ನಂತರ ಪಾಲ್ಮೆ ಕೊಲೆಯ ಬಗ್ಗೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಅದೊಂದೇ.

ಅದೇ ಬೆಂಚಿನ ದಿನಗಳಲ್ಲಿ ಅಂಗಡಿಯ ಹೊಸ ಪಂಪು ಕಳವಾಯಿತು. ಪಂಕ್ಚರ್ ಹಾಕುವ ಹುಡುಗ ಎಲ್ಲರಿಗಿಂತ ಜೋರಾಗಿ "ನಾನಲ್ಲ" ಎಂದ. ಜೋರಾಗಿ ಹೇಳಿದ್ದೇ ಗುಮಾನಿಗೆ ಕಾರಣವಾಯಿತು. ನಾವು ಯಾರೂ ಅವನನ್ನು ಬೈಯಲಿಲ್ಲ, ಬರೀ ನೋಡಿದೆವು. ವಾರದೊಳಗೆ ಅವನು ಬರುವುದನ್ನು ಬಿಟ್ಟ. ಪಂಪು ಕೊನೆಗೂ ಸಿಗಲಿಲ್ಲ. ಕದ್ದವನು ಅವನೇ ಇರಬಹುದು, ಅಲ್ಲದೆಯೂ ಇರಬಹುದು. ಅಬ್ಬಾ ಆಮೇಲೆ ಒಮ್ಮೆ ಹೇಳಿದರು: "ಪಂಪಿನ ಬೆಲೆ ಲೆಕ್ಕದಲ್ಲಿ ಬರೆದಿಟ್ಟಿದ್ದೇನೆ ಬೇಟಾ. ಆ ಹುಡುಗನದ್ದು ಎಲ್ಲಿ ಬರೆಯಲಿ?"