ಕೇಳದೆ ತೀರ್ಪು ಮಾಡಬಹುದೇ? (ಯೋಹಾನ 7:45-52)

   

ಯೋಹಾನನ ಸುವಾರ್ತೆ 7ನೇ ಅಧ್ಯಾಯ ತೆಗೆದುಕೊಳ್ಳಿ. 45ರಿಂದ 52ರವರೆಗೆ ಈಗ ತಾನೇ ಓದಿದಿವಿ. ಯೇಸುವನ್ನು ಹಿಡಿದು ತರೋಕೆ ಕಳಿಸಿದ ಸಿಪಾಯಿಗಳು ಬರಿಗೈಯಲ್ಲಿ ಬಂದಿದ್ದಾರೆ. ಫರಿಸಾಯರಿಗೆ ಸಿಟ್ಟು. ಎಲ್ಲರ ಮನಸ್ಸಿನಲ್ಲಿ ತೀರ್ಪು ಆಗಲೇ ಆಗಿಹೋಗಿದೆ. ಆಗ ನಿಕೊದೇಮ ಒಬ್ಬನೇ ಒಂದು ಪ್ರಶ್ನೆ ಕೇಳ್ತಾನೆ: ಒಬ್ಬ ಮನುಷ್ಯನ ಮಾತು ಕೇಳದೆ, ಅವನು ಏನು ಮಾಡಿದ ಅಂತ ತಿಳಿಯದೆ, ನಮ್ಮ ಧರ್ಮಶಾಸ್ತ್ರ ತೀರ್ಪು ಮಾಡುತ್ತದೆಯೇ? ಅದಕ್ಕೆ ಅವರು ಉತ್ತರ ಕೊಡಲಿಲ್ಲ, ನೀನೂ ಗಲಿಲಾಯದವನಾ ಅಂತ ಹಂಗಿಸಿದರು. ಈ ಎರಡೂ ಮಾತು ನೆನಪಿನಲ್ಲಿ ಇಟ್ಟುಕೊಳ್ಳಿ.

ಯುವಕರ ಕೂಟದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. "ಪಾಸ್ಟರ್, ಎನ್‌ಕೌಂಟರ್ ಮಾಡಿದ್ದು ಸರಿನಾ, ತಪ್ಪಾ?" ಇವತ್ತು ವಾಕ್ಯದಿಂದಲೇ ಇದನ್ನು ನೋಡೋಣ.

2025ರ ಏಪ್ರಿಲ್ 13. ಹುಬ್ಬಳ್ಳಿ. ಐದು ವರ್ಷದ ಒಂದು ಹೆಣ್ಣು ಮಗುವನ್ನು ಒಬ್ಬ ಎತ್ತಿಕೊಂಡು ಹೋದ. ಮಗು ಹೆಣವಾಗಿ ಸಿಕ್ಕಿತು. ದುಡಿದು ತಿನ್ನುವ ಮನೆಯ ಮಗು ಅದು. ಜನ ಪೊಲೀಸ್ ಠಾಣೆ ಮುಂದೆ ಸೇರಿ ನ್ಯಾಯ ಬೇಕು ಅಂತ ಕೂಗಿದರು. ಪೊಲೀಸರು ಬಿಹಾರ ಮೂಲದ ಒಬ್ಬ ಕೂಲಿ ಕಾರ್ಮಿಕನನ್ನು ಹಿಡಿದರು. ಅದೇ ದಿನ ಅವನು ಪೊಲೀಸರ ಗುಂಡಿಗೆ ಸತ್ತ. ದಾಖಲೆ ಪರಿಶೀಲನೆಗೆ ಅವನು ಇದ್ದ ಜಾಗಕ್ಕೆ ಕರೆದುಕೊಂಡು ಹೋದಾಗ ನಮ್ಮ ಮೇಲೆ ಹಲ್ಲೆ ಮಾಡಿ ಓಡಿಹೋಗೋಕೆ ನೋಡಿದ, ಮೊದಲು ಗಾಳಿಯಲ್ಲಿ ಗುಂಡು ಹಾರಿಸಿದಿವಿ, ಆಮೇಲೆ ಅವನ ಕಡೆ ಹಾರಿಸಬೇಕಾಯಿತು ಅಂತ ಪೊಲೀಸರು ಹೇಳಿದರು. ಗುಂಡು ಹಾರಿಸಿದ ಪಿಎಸ್‌ಐ ಅನ್ನಪೂರ್ಣ ಅವರ ಫೋಟೋ ಎಲ್ಲರ ವಾಟ್ಸಾಪ್ ಸ್ಟೇಟಸ್‌ಗೆ ಬಂತು. ಪಿಯುಸಿಎಲ್ ಸಂಘಟನೆಯವರು ಹೈಕೋರ್ಟಿಗೆ ಹೋದರು. ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು.

ಪ್ರಿಯರೇ, ಆ ದಿನ ಯಾವ ದಿನ ಗೊತ್ತಾ? ಗರಿಗಳ ಭಾನುವಾರ. ನಾವು ಹೊಸನ್ನ ಅಂತ ಹಾಡಿ ಮನೆಗೆ ಹೋದ ದಿನವೇ ಇದೆಲ್ಲ ನಡೆಯಿತು. ಹೊಸನ್ನ ಅಂದ ಯೆರೂಸಲೇಮಿನಲ್ಲೇ ಐದು ದಿನ ಆದ ಮೇಲೆ ಶಿಲುಬೆಗೆ ಹಾಕಿಸು ಅನ್ನುವ ಕೂಗೂ ಎದ್ದಿತು. ಗುಂಪಿನ ಬಾಯಿ ಹಂಗೇ.

ಈಗ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಸಿಟ್ಟು ಬಂದಿದ್ದು ಪಾಪ ಅಲ್ಲ. ಆ ಮಗುವಿಗೋಸ್ಕರ ಅಳದೇ ಇದ್ದರೆ ನಾವು ಕಲ್ಲು. ಆದಿಕಾಂಡ 4:10 ನೋಡ್ರಿ, ಹೇಬೆಲನ ರಕ್ತ ನೆಲದಿಂದ ದೇವರಿಗೆ ಕೂಗಿತು, ದೇವರು ಕೇಳಿಸಿಕೊಂಡರು. ನಮ್ಮ ದೇವರು ಮಗುವಿನ ರಕ್ತದ ವಿಷಯದಲ್ಲಿ ಸುಮ್ಮನೆ ಕೂತುಕೊಳ್ಳುವ ದೇವರಲ್ಲ. ಆಮೆನ್?

ಜನ ಯಾಕೆ ಚಪ್ಪಾಳೆ ತಟ್ಟಿದರು ಅನ್ನೋದೂ ನನಗೆ ಅರ್ಥ ಆಗುತ್ತದೆ. ಕೋರ್ಟು ತಡ ಮಾಡುತ್ತದೆ. ದೆಹಲಿಯ ನಿರ್ಭಯಾ ಪ್ರಕರಣ ನಡೆದಿದ್ದು 2012ರ ಡಿಸೆಂಬರ್‌ನಲ್ಲಿ, ಅಪರಾಧಿಗಳಿಗೆ ಗಲ್ಲು ಆಗಿದ್ದು 2020ರ ಮಾರ್ಚ್‌ನಲ್ಲಿ. ಏಳು ವರ್ಷಕ್ಕೂ ಮೇಲೆ. ಪೋಕ್ಸೊ ಕಾಯ್ದೆಯಲ್ಲಿ ಮಕ್ಕಳ ಕೇಸನ್ನು ಆದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ಮುಗಿಸಬೇಕು ಅಂತ ಬರೆದಿದೆ. ಬರೆದಿದ್ದು ಎಲ್ಲ ಕಡೆ ನಡೆಯುವುದಿಲ್ಲ. ಬಡವರ ಮನೆಯ ತಾಯಿ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸುತ್ತಾಳೆ. ಅದಕ್ಕೇ ಜನ, ಇವತ್ತೇ ಆಗಲಿ, ಇಲ್ಲೇ ಆಗಲಿ ಅಂತಾರೆ.

ಇನ್ನು ಕೆಲವರು ನನಗೆ ರೋಮಾಪುರದವರಿಗೆ ಬರೆದ ಪತ್ರಿಕೆ 13ನೇ ಅಧ್ಯಾಯ ತೋರಿಸ್ತಾರೆ. ಅಧಿಕಾರಿ ದೇವರ ಸೇವಕ, ಅವನ ಕೈಯಲ್ಲಿ ಕತ್ತಿ ಇರೋದು ಸುಮ್ಮನೆ ಅಲ್ಲ. ನಿಜ, ಅದು ದೇವರ ವಾಕ್ಯ. ನಾವು ರಾತ್ರಿ ನಿದ್ದೆ ಮಾಡೋದು ಯಾರೋ ಒಬ್ಬ ಕಾನ್‌ಸ್ಟೇಬಲ್ ಎದ್ದಿರುವುದರಿಂದ. ಆದರೆ ಸೇವಕ ಅಂದಮೇಲೆ ಅವನಿಗೆ ಯಜಮಾನ ಇದ್ದಾನೆ, ಕೊಟ್ಟ ಅಪ್ಪಣೆ ಇದೆ. ನಮ್ಮ ದೇಶದ ಕಾನೂನು ಏನು ಹೇಳುತ್ತದೆ? ಓಡುವವನನ್ನು ಹಿಡಿಯೋಕೆ ಬೇಕಾದಷ್ಟು ಬಲ ಪೊಲೀಸರು ಬಳಸಬಹುದು. ತಮ್ಮ ಪ್ರಾಣಕ್ಕೆ ಬಂದಾಗ ಆತ್ಮರಕ್ಷಣೆಗೆ ಗುಂಡು ಹಾರಿಸಬಹುದು, ಆ ಹಕ್ಕು ಎಲ್ಲರಿಗೂ ಇರುವಂತೆ ಅವರಿಗೂ ಇದೆ. ಶಿಕ್ಷೆ ಕೊಡುವ ಅಧಿಕಾರ ಮಾತ್ರ ಅವರಿಗೆ ಇಲ್ಲ. ಅದು ಕೋರ್ಟಿನದು. ಅದಕ್ಕೇ ಸುಪ್ರೀಂ ಕೋರ್ಟ್ 2014ರಲ್ಲಿ 16 ನಿಯಮ ಹಾಕಿಕೊಟ್ಟಿತು. ಎನ್‌ಕೌಂಟರ್‌ನಲ್ಲಿ ಒಬ್ಬ ಸತ್ತರೆ ಎಫ್‌ಐಆರ್ ಆಗಬೇಕು. ಸಿಐಡಿ ಇಲ್ಲವೇ ಬೇರೆ ಠಾಣೆಯ ಪೊಲೀಸರು ತನಿಖೆ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಘಟನೆ ಆದ ಕೂಡಲೇ ಶೌರ್ಯ ಪದಕ, ಬಡ್ತಿ ಕೊಡಬಾರದು.

ಈಗ ಬೈಬಲ್‌ಗೆ ಬನ್ನಿ. ದೇವರು ತೀರ್ಪು ಮಾಡುವ ರೀತಿ ನೋಡ್ರಿ. ಏದೆನಿನಲ್ಲಿ ಆದಾಮನು ಹಣ್ಣು ತಿಂದದ್ದು ದೇವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ ಮೊದಲು ಪ್ರಶ್ನೆ ಕೇಳಿದರು. ಕಾಯಿನನಿಗೂ ಮೊದಲು ಪ್ರಶ್ನೆ, ನಿನ್ನ ತಮ್ಮ ಎಲ್ಲಿ ಅಂತ. ಆದಿಕಾಂಡ 18ರಲ್ಲಿ ಸೊದೋಮಿನ ಕೂಗು ಪರಲೋಕಕ್ಕೆ ಮುಟ್ಟಿದೆ. ಯೆಹೋವನು ಏನಂದರು? ನಾನು ಇಳಿದು ಹೋಗಿ, ನನಗೆ ಮುಟ್ಟಿದ ಕೂಗಿನಂತೆಯೇ ನಡೆದಿದೆಯೋ ಇಲ್ಲವೋ ನೋಡುತ್ತೇನೆ ಅಂದರು. ಎಲ್ಲವನ್ನೂ ಬಲ್ಲ ದೇವರು ಇಳಿದು ಬಂದು ವಿಚಾರಣೆ ಮಾಡ್ತಾರೆ. ಮೊಬೈಲ್‌ನಲ್ಲಿ ಎರಡು ನಿಮಿಷದ ವಿಡಿಯೋ ನೋಡಿದ ನಾವು ಕುಂತಲ್ಲೇ ತೀರ್ಪು ಕೊಡ್ತೀವಿ.

ಅರಣ್ಯಕಾಂಡ 35ಕ್ಕೆ ಹೋಗಿ. ದೇವರು ಆರು ಆಶ್ರಯ ಪಟ್ಟಣಗಳನ್ನು ಗೊತ್ತು ಮಾಡಿಸಿದರು. ಯಾಕೆ? ರಕ್ತಕ್ಕೆ ಮುಯ್ಯಿ ತೀರಿಸೋಕೆ ಸತ್ತವನ ಬಂಧು ಬೆನ್ನಟ್ಟಿ ಬರ್ತಾನೆ. ಕೈಯಿಂದ ರಕ್ತ ಸುರಿಸಿದವನು ಸಭೆಯ ಮುಂದೆ ವಿಚಾರಣೆಗೆ ನಿಲ್ಲುವುದಕ್ಕೆ ಮುಂಚೆ ಸಾಯಬಾರದು. ಇದು ಕೊಲೆಗಾರನನ್ನು ಬಿಟ್ಟುಬಿಡುವ ವಾಕ್ಯ ಅಲ್ಲ. ಬೇಕಂತಲೇ ಕೊಂದಿದ್ದರೆ ಅವನು ಶಿಕ್ಷೆ ತಪ್ಪಿಸಿಕೊಳ್ಳಲಾರ ಅಂತ ಅದೇ ಅಧ್ಯಾಯ ಹೇಳುತ್ತದೆ. ಆದರೆ ಒಬ್ಬನ ಸಾಕ್ಷಿ ಸಾಲದು, ಇನ್ನೂ ಸಾಕ್ಷಿ ಬೇಕು, 30ನೇ ವಚನ. ರಕ್ತಕ್ಕೂ ಮರಣಕ್ಕೂ ನಡುವೆ ದೇವರು ಒಂದು ಬಾಗಿಲು ಇಟ್ಟಿದ್ದಾರೆ. ಆ ಬಾಗಿಲ ಹೆಸರು ವಿಚಾರಣೆ.

ಬಾಗಿಲು ಯಾಕೆ ಬೇಕು? ಒಂದು ನಿಜ ಸಂಗತಿ ಹೇಳ್ತೀನಿ. 2017ರ ಸೆಪ್ಟೆಂಬರ್, ಹರಿಯಾಣದ ಗುರುಗ್ರಾಮ. ಒಂದು ಶಾಲೆಯಲ್ಲಿ ಏಳು ವರ್ಷದ ಹುಡುಗನ ಕೊಲೆ ಆಯಿತು. ಪೊಲೀಸರು ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರನ್ನು ಹಿಡಿದರು. ತಪ್ಪು ಒಪ್ಪಿಕೊಂಡಿದ್ದಾನೆ ಅಂದರು. ಟಿವಿ ತುಂಬ ಅವನ ಮುಖ. ದೇಶವೆಲ್ಲ ಗಲ್ಲಿಗೆ ಹಾಕಿ ಅಂತು. ಆಮೇಲೆ ಕೇಸು ಸಿಬಿಐಗೆ ಹೋಯಿತು. ಸಿಬಿಐ ಹಿಡಿದಿದ್ದು ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯನ್ನು. 2018ರ ಫೆಬ್ರುವರಿಯಲ್ಲಿ ಕೋರ್ಟ್ ಕಂಡಕ್ಟರನನ್ನು ಕೇಸಿನಿಂದ ಬಿಡುಗಡೆ ಮಾಡಿತು. ದೇವಜನರೇ, ಅವತ್ತೇ ದಾರಿಯಲ್ಲಿ ಅವನಿಗೆ ಗುಂಡು ಬಿದ್ದಿದ್ದರೆ? ನಾವು ಪಟಾಕಿ ಹೊಡೆದು, ಹೂವು ಹಾಕಿ, ನ್ಯಾಯ ಸಿಕ್ಕಿತು ಅಂತ ಮಲಗುತ್ತಿದ್ದಿವಿ. ಅವನ ಹೆಂಡತಿ ಮಕ್ಕಳು ಸಾಯೋವರೆಗೂ ಕೊಲೆಗಾರನ ಮನೆಯವರು ಅಂತ ಬದುಕಬೇಕಿತ್ತು. ಆ ಹುಡುಗನ ತಂದೆ ತಾಯಿಗೂ ನಿಜ ಸಿಗುತ್ತಿರಲಿಲ್ಲ.

ಹೈದರಾಬಾದಿನ ಹತ್ತಿರ 2019ರ ಡಿಸೆಂಬರ್ 6ರಂದು ನಾಲ್ವರನ್ನು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂವು ಸುರಿದರು. ಒಬ್ಬ ಪಶುವೈದ್ಯೆಯನ್ನು ಅತ್ಯಾಚಾರ ಮಾಡಿ ಸುಟ್ಟ ಕೇಸು, ಯಾರಿಗೆ ತಾನೇ ಹೊಟ್ಟೆ ಉರಿಯಲಿಲ್ಲ? ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸಿರ್ಪುರ್‌ಕರ್ ಅವರ ಆಯೋಗವನ್ನು ನೇಮಿಸಿತು. 2022ರಲ್ಲಿ ಹೊರಬಂದ ಆ ವರದಿ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಅಂತ ಹೇಳಿತು. ಸತ್ತವರಲ್ಲಿ ಮೂವರು ಆಗ ಅಪ್ರಾಪ್ತರು ಅಂತಲೂ ಹೇಳಿತು. ಮುಂದಿನ ಕ್ರಮದ ವಿಷಯವನ್ನು ಸುಪ್ರೀಂ ಕೋರ್ಟ್ ತೆಲಂಗಾಣ ಹೈಕೋರ್ಟಿಗೆ ಕಳಿಸಿತು. ಹೂವು ಬಾಡೋಕೆ ಒಂದು ದಿನ ಸಾಕು. ನಿಜ ಹೊರಗೆ ಬರೋಕೆ ವರ್ಷಗಳು ಬೇಕು.

ಹಂಗಂತ ಹುಬ್ಬಳ್ಳಿಯದೂ ಹಂಗೇ ಆಗಿದೆ ಅಂತ ನಾನು ಹೇಳ್ತಾ ಇಲ್ಲ. ಹೇಳಲೂಬಾರದು. ಆ ಸಹೋದರಿ ಗುಂಡು ಹಾರಿಸಿದ ಕ್ಷಣದಲ್ಲಿ ನಾನು ಅಲ್ಲಿರಲಿಲ್ಲ, ನೀವೂ ಇರಲಿಲ್ಲ. ಅವರ ಮಾತನ್ನು ಕೇಳದೆ ಅವರನ್ನು ಕೊಲೆಗಾರಳು ಅಂದರೆ ನಿಕೊದೇಮನ ಪ್ರಶ್ನೆ ನಮ್ಮ ಮೇಲೇ ತಿರುಗುತ್ತದೆ. ಅವರನ್ನು ಕೇಳದೆ ದೂರುವುದೂ ಬೇಡ, ಕೇಳದೆ ದೇವಿ ಮಾಡುವುದೂ ಬೇಡ. ತನಿಖೆ ಪೊಲೀಸರಿಗೆ ಶತ್ರು ಅಲ್ಲ. ಪ್ರಾಮಾಣಿಕ ಅಧಿಕಾರಿಗೆ ಅದೇ ಆಶ್ರಯ ಪಟ್ಟಣ. ಇದನ್ನು ಬರೆದುಕೊಳ್ಳಿ.

ಈಗ ನಮ್ಮ ವಡ್ಡುವಿಗೆ ಬರೋಣ. ನಿಕೊದೇಮನಿಗೆ ಏನಂತ ಹಂಗಿಸಿದರು? ನೀನೂ ಗಲಿಲಾಯದವನಾ? ಯೆರೂಸಲೇಮಿನ ದೊಡ್ಡವರ ಕಣ್ಣಲ್ಲಿ ಗಲಿಲಾಯ ಅಂದರೆ ಕೀಳು ಸೀಮೆ, ಅಲ್ಲಿಯವರ ಮಾತಿನ ಧಾಟಿಯಿಂದಲೇ ಗುರುತು ಹಿಡಿಯುತ್ತಿದ್ದರು. ನಮ್ಮ ಪಕ್ಕದ ತೋರಣಗಲ್ಲಿನ ಸ್ಟೀಲ್ ಪ್ಲಾಂಟಿಗೆ ಬಿಹಾರ, ಒಡಿಶಾ, ಉತ್ತರ ಪ್ರದೇಶದಿಂದ ಎಷ್ಟು ಜನ ದುಡಿಯೋಕೆ ಬಂದಿದ್ದಾರೆ! ನಮ್ಮ ಓಣಿಯಲ್ಲೇ ಒಂದು ರೂಮಿನಲ್ಲಿ ಆರೇಳು ಜನ ಇರ್ತಾರೆ, ನಮ್ಮ ಅಂಗಡಿಯಲ್ಲೇ ಅಕ್ಕಿ ಬೇಳೆ ಒಯ್ತಾರೆ. ಹುಬ್ಬಳ್ಳಿ ಸುದ್ದಿ ಬಂದ ವಾರ ಅವರ ಬಗ್ಗೆ ಚಹಾದಂಗಡಿಯಲ್ಲಿ ಎಂಥ ಮಾತು ಕೇಳಿದಿವಿ? "ಈ ಬಿಹಾರದವರೆಲ್ಲ ಇಷ್ಟೇ." ಯೆಹೆಜ್ಕೇಲ 18:20ರ ಪ್ರಕಾರ ಪಾಪ ಮಾಡಿದವನ ಮೇಲೆ ಅವನ ಪಾಪ, ಬೇರೆಯವರ ಮೇಲೆ ಅಲ್ಲ. ಯಾಜಕಕಾಂಡ 19ರಲ್ಲಿ ಪರದೇಶದವನನ್ನು ನಿಮ್ಮವನಂತೆ ಪ್ರೀತಿಸಿರಿ ಅಂತ ದೇವರು ಹೇಳ್ತಾರೆ. ನಮ್ಮ ಮಕ್ಕಳೂ ಬೆಂಗಳೂರು, ಪುಣೆ, ಗೋವಾಕ್ಕೆ ದುಡಿಯೋಕೆ ಹೋಗಿದ್ದಾರೆ. ಅಲ್ಲಿ ಅವರೂ ಗಲಿಲಾಯದವರೇ.

ಕೊನೆಗೆ ಶಿಲುಬೆಯ ಹತ್ತಿರ ಬನ್ನಿ. ನಮ್ಮ ಕರ್ತನಿಗೆ ಎಂಥ ವಿಚಾರಣೆ ಆಯಿತು? ರಾತ್ರೋರಾತ್ರಿ ಹಿಡಿದರು. ಸುಳ್ಳು ಸಾಕ್ಷಿಗಳು ಒಂದಕ್ಕೊಂದು ಕೂಡಲಿಲ್ಲ. ಜನರಿಗೋಸ್ಕರ ಒಬ್ಬ ಸತ್ತರೆ ಒಳ್ಳೇದು ಅಂತ ಕಾಯಫ ಮೊದಲೇ ಹೇಳಿಬಿಟ್ಟಿದ್ದ. ಪಿಲಾತನಿಗೆ ಇವನಲ್ಲಿ ತಪ್ಪು ಕಾಣಲಿಲ್ಲ, ಆದರೂ ಗುಂಪಿನ ಕೂಗೇ ಗೆದ್ದಿತು ಅಂತ ಲೂಕನು ಬರೀತಾನೆ. ನಾವು ಆರಾಧಿಸುವ ಕರ್ತನು ಗುಂಪಿನ ಕೂಗಿಗೆ ಸತ್ತವನು. ಆತನ ಸಭೆ ಗುಂಪಿನ ಜೊತೆ ಸೇರಿ ಕೂಗಬಹುದಾ?

ಪಕ್ಕದಲ್ಲಿ ಒಬ್ಬ ಕಳ್ಳ ಇದ್ದ. ಅವನು ನಿರಪರಾಧಿ ಅಲ್ಲ. ನಮಗೆ ಸಿಕ್ಕಿದ್ದು ನಮ್ಮ ಕೆಲಸಕ್ಕೆ ತಕ್ಕ ಫಲ ಅಂತ ಅವನೇ ಒಪ್ಪಿಕೊಂಡ. ಶಿಕ್ಷೆ ನಿಲ್ಲಲಿಲ್ಲ. ಆದರೆ ಅವನಿಗೆ ಒಂದು ಗಳಿಗೆ ಇತ್ತು, ತಿರುಗಿಕೊಳ್ಳೋಕೆ, ನನ್ನನ್ನು ನೆನಪು ಮಾಡಿಕೋ ಅಂತ ಕೇಳೋಕೆ. ಎಷ್ಟೇ ಘೋರ ಪಾಪಿಯಾದರೂ ಆ ಗಳಿಗೆ ಇಲ್ಲದೆ ಸತ್ತ ಅಂತ ಕೇಳಿದಾಗ ಸುವಾರ್ತೆ ಸಾರುವವರಿಗೆ ಸಂತೋಷ ಆಗಲಾರದು.

ಹಂಗಾದರೆ ಏನು ಮಾಡಬೇಕು? ಮೊದಲನೇದು, ಮಕ್ಕಳನ್ನು ಕಾಯಬೇಕು. ತಾಯಂದಿರು ಕೂಲಿಗೆ ಹೋದಾಗ ಓಣಿಯ ಮಕ್ಕಳ ಮೇಲೆ ನಮ್ಮ ಸಭೆಯ ಅಮ್ಮಂದಿರ ಕಣ್ಣು ಇರಲಿ. ಅನುಮಾನ ಬಂದರೆ 1098ಕ್ಕೆ, 112ಕ್ಕೆ ಫೋನ್ ಮಾಡ್ರಿ. ಎರಡನೇದು, ಕಂಡದ್ದನ್ನು ಕೋರ್ಟಿನಲ್ಲಿ ಹೇಳೋಕೆ ಹೆದರಬೇಡಿ. ಸಾಕ್ಷಿ ಹೇಳೋಕೆ ನಾವು ಹೋಗದಿದ್ದರೆ ಕೋರ್ಟು ಎಲ್ಲಿಂದ ನ್ಯಾಯ ಕೊಡಬೇಕು? ಮೂರನೇದು, ಲೂಕ 18ರ ವಿಧವೆ ಥರ ಆಗಬೇಕು. ಅವಳ ನ್ಯಾಯಾಧೀಶ ದೇವರಿಗೂ ಹೆದರದವನು, ತಡ ಮಾಡುವವನು. ಅವಳು ಕತ್ತಿ ಹಿಡಿಯಲಿಲ್ಲ, ಸುಮ್ಮನೆ ಮನೆಗೂ ಹೋಗಲಿಲ್ಲ. ಅವನ ಬಾಗಿಲಿಗೆ ದಿನಾ ಬಂದಳು, ನ್ಯಾಯ ತೀರಿಸು ಅಂದಳು, ತೀರಿಸೋವರೆಗೂ ಬಿಡಲಿಲ್ಲ. ನೊಂದ ಮನೆಯವರ ಜೊತೆ ಒಂದು ದಿನ ಘೋಷಣೆ ಕೂಗಿ ಬರೋದಲ್ಲ. ಕೇಸು ಮುಗಿಯೋವರೆಗೂ ಪ್ರತಿ ವಾಯಿದೆಗೆ ಅವರ ಜೊತೆ ಬಸ್ಸು ಹತ್ತಬೇಕು. ನಾಲ್ಕನೇದು, ಯಾರೋ ಸತ್ತ ಫೋಟೋಕ್ಕೆ ಚಪ್ಪಾಳೆ ಚಿತ್ರ ಹಾಕಿ ಸ್ಟೇಟಸ್ ಇಡಬೇಡಿ. ಇದು ಯುವಕರಿಗೆ ಮಾತ್ರ ಅಲ್ಲ, ಹಿರಿಯರಿಗೂ.

ನಿಕೊದೇಮ ಅವತ್ತು ಸೋತ. ಸಭೆ ಅವನ ಮಾತು ಕೇಳಲಿಲ್ಲ. ಆದರೆ ಯೋಹಾನ 19ರಲ್ಲಿ, ಎಲ್ಲರೂ ಓಡಿಹೋದಾಗ, ಸುಗಂಧದ್ರವ್ಯ ಹೊತ್ತುಕೊಂಡು ಯೇಸುವಿನ ದೇಹಕ್ಕೆ ಬಂದವರಲ್ಲಿ ಅವನೂ ಒಬ್ಬ. ಕೇಳದೆ ತೀರ್ಪು ಮಾಡಬಾರದು ಅಂದವನು ಕೊನೆಗೆ ಕರ್ತನ ಹತ್ತಿರ ಇದ್ದ. ಕೂಗಿದವರು ಇರಲಿಲ್ಲ.

ಎಲ್ಲರೂ ಎದ್ದು ನಿಂತು ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಆ ಮಗುವಿನ ತಂದೆ ತಾಯಿಯನ್ನು ನೀವೇ ಸಂತೈಸಿರಿ. ಸತ್ಯ ಯಾವುದೋ ಅದು ಬೆಳಕಿಗೆ ಬರಲಿ. ಹೆಗಲ ಮೇಲೆ ಬಂದೂಕು ಹೊತ್ತು ನಿಂತ ಪ್ರತಿ ಪೊಲೀಸ್ ಸಹೋದರ ಸಹೋದರಿಗೆ ಧೈರ್ಯವನ್ನೂ ನಿಮ್ಮ ಭಯವನ್ನೂ ಕೊಡಿರಿ. ನ್ಯಾಯಾಧೀಶರಿಗೆ ಚುರುಕು ಕೊಡಿರಿ. ದೂರದಿಂದ ದುಡಿಯಲು ಬಂದವರನ್ನು ಕಾಯಿರಿ. ನಮ್ಮ ಬಾಯಿಗೆ ಕಾವಲು ಇಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.