ಮೂಗು ತಿದ್ದಿಸಿಕೊಂಡರೆ ಪಾಪವೇ?

ಆಗಮನ ಕಾಲದ ಒಂದು ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುತ್ತಿದ್ದೆ. ಹಲಗೇರಿ ಕಡೆಯ ಹುಡುಗಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. ಚಿಕ್ಕವಳಿದ್ದಾಗ ನನ್ನ ತರಗತಿಯಲ್ಲೇ ಅಕ್ಷರ ಕಲಿತವಳು, ಈಗ ಬಿ.ಕಾಂ. ಮುಗಿಸಿ ರಾಣೇಬೆನ್ನೂರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ, "ಟೀಚರ್, ಮೂಗು ತಿದ್ದಿಸಿಕೊಂಡ್ರ ಪಾಪ ಆಗತೈತೇನ್ರಿ?" ಎಂದು ಕೇಳಿದಳು.

ಅವಳನ್ನು ನೋಡಲು ಎರಡು ಕಡೆಯವರು ಬಂದುಹೋಗಿದ್ದರು. ಮೊದಲಿನವರು ಚಹಾ ಕುಡಿದು ಹೋದವರು ಸುದ್ದಿಯನ್ನೇ ಕಳಿಸಲಿಲ್ಲ. ಎರಡನೆಯವರು, "ಹುಡುಗಿ ಚಲೋ ಅದಾಳ, ಮೂಗೊಂದು ಚಪ್ಪಟಿ ಆತು" ಎಂದು ಮಧ್ಯಸ್ಥರ ಮೂಲಕ ಹೇಳಿಕಳಿಸಿದರು. ಈ ಸಲದ ಮೆಣಸಿನಕಾಯಿ ರೊಕ್ಕವನ್ನು ತಾಯಿ ಇದಕ್ಕೆಂದೇ ತೆಗೆದಿಟ್ಟಿದ್ದಾಳೆ. ತಂದೆಗೆ ಇನ್ನೂ ಗೊತ್ತಿಲ್ಲ. ಅಜ್ಜಿಗೆ ಹೇಗೋ ಗೊತ್ತಾಗಿ, ದೇವರು ಕೊಟ್ಟ ಮಾರಿ ತಿದ್ದುವುದೆಂದರೆ ದೇವರ ಕೆಲಸದಲ್ಲಿ ತಪ್ಪು ಹುಡುಕಿದಂತೆ ಎಂದು ಎರಡು ದಿನ ಊಟ ಬಿಟ್ಟಿದ್ದಳಂತೆ.

ಇಂಥದ್ದೆಲ್ಲ ಸಿನಿಮಾದವರ ಸಂಗತಿ ಎಂದು ನಾವು ಅಂದುಕೊಂಡಿದ್ದ ಕಾಲ ಹೋಯಿತು. ಹುಬ್ಬಳ್ಳಿ ದಾವಣಗೆರೆಗಳಲ್ಲಿ ಮೂಗು, ಕೂದಲು, ಹೊಟ್ಟೆಯ ಕೊಬ್ಬು ಎಂದು ಫಲಕಗಳು ಕಾಣುತ್ತವೆ. ಕೈಯಲ್ಲಿರುವ ಮೊಬೈಲೇ ನಮ್ಮ ಮುಖವನ್ನು ಬೆಳ್ಳಗೆ ಮಾಡಿ, ಮೂಗನ್ನು ಸಣ್ಣಗೆ ಮಾಡಿ ತೋರಿಸುತ್ತದೆ. ದಿನವೂ ಅದನ್ನು ನೋಡಿದವಳಿಗೆ ಕನ್ನಡಿಯಲ್ಲಿ ಕಾಣುವುದು ಬೇರೆ ಯಾರದೋ ಮುಖ ಅನ್ನಿಸಿದರೆ ಆಶ್ಚರ್ಯವಿಲ್ಲ.

"ಮೂಗಿನಾಗ ಪ್ಲಾಸ್ಟಿಕ್ ಹಾಕತಾರೇನ್ರಿ?" ಎಂದು ತಾಯಿ ಆಮೇಲೆ ನನ್ನನ್ನು ಕೇಳಿದಳು. ಅನೇಕರು ಹಾಗೇ ತಿಳಿದಿದ್ದಾರೆ. ಇದು ನಮ್ಮ ಕೊಡದ ಪ್ಲಾಸ್ಟಿಕ್ ಅಲ್ಲ. ಮಣ್ಣನ್ನು ತಿದ್ದಿ ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು. ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿದರೆಂದು ಆದಿಕಾಂಡದ ಎರಡನೆಯ ಅಧ್ಯಾಯ ಹೇಳುವಲ್ಲಿ ಗ್ರೀಕ್ ಬೈಬಲ್ ಬಳಸುವುದೂ ಅದೇ ಧಾತುವಿನ ಪದವನ್ನು.

ಈ ವಿದ್ಯೆ ಪಶ್ಚಿಮದಿಂದ ಬಂದದ್ದೂ ಅಲ್ಲ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. 1792ರಲ್ಲಿ ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷ ಅವನು ಹಾಗೇ ಇದ್ದ. ಕೊನೆಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನು ಕೆಳಕ್ಕಿಳಿಸಿ ಹೊಸ ಮೂಗು ಮಾಡಿಕೊಟ್ಟ. ಈ ಸುದ್ದಿ 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಝಿನ್'ನಲ್ಲಿ ಅಚ್ಚಾಯಿತು. ಅದನ್ನು ಓದಿಯೇ ಅಲ್ಲಿನ ವೈದ್ಯರು ಈ ಕ್ರಮ ಕಲಿತರು. ಕಾವಸ್‌ಜಿಗೆ ಮೂಗು ಮರಳಿ ಸಿಕ್ಕದ್ದನ್ನು ಪಾಪ ಎನ್ನುವವರು ಯಾರು? ನಮ್ಮ ಧಾರವಾಡದ ಸತ್ತೂರಿನ ಎಸ್‌ಡಿಎಂ ಸಂಸ್ಥೆಯಲ್ಲಿ ಸೀಳುತುಟಿಯ ಹಸುಗೂಸುಗಳಿಗೆ ತುಟಿ ಹೊಲಿಯುತ್ತಾರೆ. ಆ ತಾಯಂದಿರು ಯಾರೂ ಗುರುಗಳ ಹತ್ತಿರ ಬಂದು, ದೇವರ ಕೆಲಸ ತಿದ್ದಿಸಬಹುದೇ ಎಂದು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಕಷ್ಟ ಇರುವುದು ಕಳೆದುಹೋಗದ ಮೂಗಿನಲ್ಲಿ.

ಧರ್ಮಸಭೆ ಇದರ ಬಗ್ಗೆಯೂ ಮಾತಾಡಿದೆ. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1958ರ ಅಕ್ಟೋಬರ್ 4ರಂದು, ಅಂದರೆ ಪ್ರಭುವಿನಲ್ಲಿ ವಿಶ್ರಮಿಸುವ ಐದು ದಿನ ಮೊದಲು, ಇಟಲಿಯ ಪ್ಲಾಸ್ಟಿಕ್ ಸರ್ಜರಿ ವೈದ್ಯರ ಸಮ್ಮೇಳನದಲ್ಲಿ ಮಾತನಾಡಿದರು. ದೇಹದ ಚೆಲುವು ಒಳ್ಳೆಯದೇ, ಆದರೆ ಅದಕ್ಕಿಂತ ಮೇಲಾದವುಗಳಿಗೆ ಅಧೀನ ಎಂಬುದು ಅವರ ಮಾತಿನ ತಿರುಳು. ಉದ್ದೇಶ ನೆಟ್ಟಗಿರಬೇಕು, ಆರೋಗ್ಯಕ್ಕೆ ದೊಡ್ಡ ಅಪಾಯವಿರಬಾರದು, ಕಾರಣ ಆ ಕೆಲಸಕ್ಕೆ ತಕ್ಕಷ್ಟು ತೂಕದ್ದಾಗಿರಬೇಕು. ಹಾಗಿದ್ದರೆ ಅದು ತಪ್ಪಲ್ಲ. ಪರರನ್ನು ಮೋಹಕ್ಕೆ ಎಳೆಯುವುದಕ್ಕೆ, ಅಪರಾಧಿ ಗುರುತು ಮರೆಸಿಕೊಳ್ಳುವುದಕ್ಕೆ, ಬರೀ ಒಣಜಂಭಕ್ಕೆ ಮಾಡಿಸಿದರೆ ತಪ್ಪು. ಇಷ್ಟಕ್ಕೇ ನಿಲ್ಲದೆ, ರೂಪದ ಕೊರತೆ ಮನಸ್ಸನ್ನು ಕೆಡಿಸುತ್ತಿದ್ದರೆ, ಕುಟುಂಬದ ಅಥವಾ ಸಮಾಜದ ಸಂಬಂಧಕ್ಕೆ ಅಡ್ಡಿಯಾಗಿದ್ದರೆ ಮಾಡಿಸಿಕೊಳ್ಳುವುದೇ ಒಳ್ಳೆಯದಾದೀತು ಎಂದೂ ಹೇಳಿದರು. ಅಜ್ಜಿಯ ಉಪವಾಸಕ್ಕೆ ಇದರಲ್ಲಿ ಉತ್ತರವಿದೆ.

ಆದರೆ ನನ್ನ ಮನಸ್ಸು ಆ 'ಅಡ್ಡಿ' ಎಂಬ ಮಾತಿನಲ್ಲೇ ಸಿಕ್ಕಿಕೊಂಡಿತು. ಈ ಹುಡುಗಿಯ ಮೂಗು ಉಸಿರಾಡಲು ಅಡ್ಡಿ ಮಾಡಿಲ್ಲ, ಓದಲು ಮಾಡಿಲ್ಲ, ದುಡಿದು ತಂಗಿಯ ಫೀಸು ಕಟ್ಟಲೂ ಮಾಡಿಲ್ಲ. ಅಡ್ಡಿ ಹುಟ್ಟಿದ್ದು ಚಹಾ ಕುಡಿಯಲು ಬಂದವರ ಕಣ್ಣಿನಲ್ಲಿ. ರೋಗ ಒಬ್ಬರಿಗೆ, ಚಾಕು ಇನ್ನೊಬ್ಬರಿಗೆ. ನಾನು ಇದನ್ನೇ ಅವಳಿಗೆ ಹೇಳಿದೆ. ಇಷಾಯನ ಮನೆಗೆ ಹೋದ ಸಮುವೇಲನು ಹಿರಿಯ ಮಗನ ರೂಪ ನಿಲುವು ನೋಡಿ ಇವನೇ ಅರಸನೆಂದು ಭಾವಿಸಿದಾಗ ದೇವರು ಅವನನ್ನು ತಡೆದ ಪ್ರಸಂಗವನ್ನೂ ನೆನಪಿಸಿದೆ. ಚೆನ್ನಾಗಿ ಹೇಳಿದೆ ಎಂದು ನನಗೆ ನಾನೇ ಅಂದುಕೊಂಡೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾಕನೇ ಇಯತ್ತೆಯೊಳಗ ಕ್ರಿಸ್‌ಮಸ್ ನಾಟಕಕ್ಕ ನಾ ಮರಿಯಮ್ಮ ಆಗತೀನಿ ಅಂದಿದ್ದೆ. ನೀವು ನಕ್ಕು, ನೀ ಕುರುಬ ಆಗವಾ ಅಂದ್ರಿ. ಮಂದಿ ಕಣ್ಣು ತಿದ್ದೋತನಕ ನಾ ಕಾಯ್ಬೇಕೇನ್ರಿ?" ಎಂದಳು.

ನನಗೆ ಆ ನಾಟಕ ನೆನಪಿಲ್ಲ. ಆದರೆ ಹಾಗೆ ಆಗಿರಲಾರದು ಎಂದು ಹೇಳುವ ಧೈರ್ಯವೂ ಇಲ್ಲ. ಎಷ್ಟೋ ವರ್ಷ ಗೋದಲಿಯ ದೃಶ್ಯಕ್ಕೆ ಮಕ್ಕಳನ್ನು ಆರಿಸಿದವಳು ನಾನೇ. ಮರಿಯಮ್ಮನಿಗೆ, ದೇವದೂತರಿಗೆ ಬೆಳ್ಳನೆಯ, ಎಸಳು ಮೂಗಿನ ಮಕ್ಕಳು, ಕುರುಬರಿಗೆ ಉಳಿದವರು. ನಜರೇತಿನ ಬಡ ಹುಡುಗಿಯ ಮುಖ ಹೇಗಿತ್ತೆಂದು ಯಾವ ಶುಭಸಂದೇಶವೂ ಬರೆದಿಲ್ಲ. ಜ್ಞಾನಸ್ನಾನಕ್ಕೆ ಬಂದ ಕೂಸುಗಳನ್ನು ಎತ್ತಿಕೊಂಡು, "ಕಪ್ಪಾದ್ರೂ ಲಕ್ಷಣ ಐತಿ" ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆ 'ಆದ್ರೂ' ಕೂಸಿನ ಜೊತೆಗೇ ಬೆಳೆಯುತ್ತದೆ. ಪಾಪನಿವೇದನೆಗೆ ಹೋಗುವಾಗ ಇಂಥ ಮಾತು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ನನ್ನ ಪಟ್ಟಿಯಲ್ಲಿ ಆ ವಾರ ಇತ್ತು.

ಚೆಲುವೆ ಎಂದು ಹೊಗಳಿಸಿಕೊಂಡದ್ದಕ್ಕೆ ಲೀಮಾದ ಸಂತ ರೋಸಳು ಮುಖಕ್ಕೆ ಮೆಣಸು ತಿಕ್ಕಿಕೊಂಡಳೆಂದು ಅವಳ ಚರಿತ್ರೆಯಲ್ಲಿ ಓದುತ್ತೇವೆ. ಅಂಥ ತಪಸ್ಸನ್ನು ಧರ್ಮಸಭೆ ಯಾರ ಮೇಲೂ ಹೇರಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಈಗ ಮುಖಕ್ಕೇ ಹೋಗುತ್ತದೆ ಅನ್ನಿ. ಅದರಿಂದ ತೆಗೆದ ಬಣ್ಣದ ಎಣ್ಣೆಯನ್ನು ತುಟಿಯ ಬಣ್ಣಕ್ಕೂ ಉಗುರಿನ ಬಣ್ಣಕ್ಕೂ ಬಳಸುತ್ತಾರೆ. ಆ ಕಾಯಿಯನ್ನು ಗುರುತಿಸುವುದೇ ಅದರ ಸುಕ್ಕಿನಿಂದ. ಪೇಟೆಯಲ್ಲಿ ಸುಕ್ಕಿಗೆ ಬೆಲೆ ಕಟ್ಟಿ ಮನೆಗೆ ಬಂದ ಮನುಷ್ಯನೇ ಹೆಣ್ಣು ನೋಡಲು ಹೋದಾಗ ಮೂಗಿಗೆ ಬೆಲೆ ಇಳಿಸುತ್ತಾನೆ.

ಅವಳಿಗೆ ಬೇಡ ಎಂದು ಹೇಳುವ ಹಕ್ಕು ನನಗಿದೆ ಅಂತ ಅನ್ನಿಸಲಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ: ಮುಚ್ಚಿಟ್ಟು ಹೋಗಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. 21 ವರ್ಷ. ತಂದೆತಾಯಿಗೆ ತಿಳಿಸದೆ ಹೋಗಿದ್ದರೆಂದು ಪತ್ರಿಕೆಗಳು ಬರೆದವು. ಆ ಮಗುವನ್ನು ಜರೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಮನೆಯಲ್ಲಿ ಹೇಳಲಾಗದಷ್ಟು ಒಂಟಿಯಾಗಿ ಒಂದು ಹುಡುಗಿ ಆಪರೇಷನ್ ಮೇಜಿನ ಮೇಲೆ ಮಲಗುವಂತಾಗಬಾರದು. ಅರಿವಳಿಕೆ ಕೊಟ್ಟು ಮಾಡುವ ಯಾವ ಶಸ್ತ್ರಚಿಕಿತ್ಸೆಯೂ ಸಣ್ಣದಲ್ಲ. ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪಡೆದವರೇ ಎಂದು ಕೇಳಬೇಕು. ಕೂದಲು ನೆಡುವಂಥ ಕೆಲಸವನ್ನು ಯೂಟ್ಯೂಬ್ ನೋಡಿ ಕಲಿತರೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಯಿತು ಎಂದರೆ ಪರಿಸ್ಥಿತಿ ಹೇಗಿರಬೇಕು!

ಇನ್ನೊಂದನ್ನೂ ಕೇಳಿದೆ. "ಎರಡೂ ಕಡೆಯವರು ನಿನ್ನ ಒಪ್ಪಿದ್ರು ಅಂತ ತಿಳಕೋ. ಆವಾಗ್ಲೂ ಈ ಮೂಗು ನಿನಗ ಬ್ಯಾಡ ಅನ್ನಿಸ್ತಿತ್ತೇನವಾ?" ಅವಳು ತಕ್ಷಣ ಉತ್ತರ ಕೊಡಲಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದು ಬಸ್ಸಿಗೆ ಹೋದಳು.

ಹದಿನೈದು ದಿನಕ್ಕೆ ಫೋನ್ ಬಂತು. ತಂದೆಗೆ ಹೇಳಿದ್ದಾಳೆ. ಅವರು ಬಹಳ ಹೊತ್ತು ಮಾತಾಡದೆ ಕುಳಿತು, ನಿನ್ನ ಮೂಗು ನನ್ನ ಅವ್ವನ ಮೂಗು ಎಂದರಂತೆ. ಉಪವಾಸ ಮಾಡಿದ್ದ ಅಜ್ಜಿ ಅವಳೇ. ನನ್ನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲವಂತೆ. ಆದರೂ ವೈದ್ಯರು ಏನು ಹೇಳುತ್ತಾರೆಂದು ಒಮ್ಮೆ ಕೇಳಬೇಕಂತೆ. ಮುಂದಿನ ವಾರ ಹುಬ್ಬಳ್ಳಿಗೆ ಹೋಗುತ್ತಾರೆ, ತಂದೆ, ತಾಯಿ, ಅವಳು. "ನೀವೂ ಬರ್ರಿ ಟೀಚರ್" ಎಂದಿದ್ದಾಳೆ. ಹೋಗುತ್ತೇನೆ.