ನಡುವೆ ನಿಂತವರ ಪಾಲು

ಕಳೆದ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವಾಗ ದೊಡ್ಡಪ್ಪನ ಮಗ ಎದುರಾದ. ಇಬ್ಬರ ಮನೆದೇವರೂ ಉಚ್ಚಂಗೆಮ್ಮನೇ. ಆದರೆ ಹದಿನೆಂಟು ವರ್ಷದಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಬಿಸಿಲು ಜೋರಾಗಿತ್ತು. ಕೈಲಿದ್ದ ನೀರಿನ ಬಾಟಲಿ ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು ಕೇಳಿದ: “ಅವತ್ತು ನಮ್ಮಪ್ಪ ಬಾಗಿಲದಾಗ ನಿಂತು ಹೇಳಿದ್ದನ್ನ ಚಿಗಪ್ಪಗ ಹೇಳಿದ್ದೇನೋ ತಮ್ಮಾ?”

ನನಗೆ ಉತ್ತರ ಬರಲಿಲ್ಲ. ಖಾಲಿ ಬಾಟಲಿ ಹಿಸುಕುತ್ತಾ ಅವನ ಹಿಂದೆ ನಡೆದೆ.

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಆ ಬಾಟಲಿ ಪೆಟ್ ಪ್ಲಾಸ್ಟಿಕ್ಕಿನದು. ಅದರ ಅಣುಸರಪಳಿಯ ಉದ್ದಕ್ಕೂ ಮತ್ತೆ ಮತ್ತೆ ಬರುವುದು ಆರು ಇಂಗಾಲದ ಒಂದು ಉಂಗುರ. ಅದು ಒಂದೇ ಕಡೆ ಕೈ ಹಿಡಿದಿದ್ದರೆ ಫಿನೈಲ್. ಎರಡು ಕಡೆ ಹಿಡಿದು ಸೇತುವೆಯಾದರೆ ಫಿನೈಲೀನ್. ನೆಲ ಒರೆಸುವ ಫಿನಾಯಿಲ್ ಇದಲ್ಲ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳಬೇಕಾಗುತ್ತದೆ.

ಬಾಟಲಿಗೆ ಬಳಸುವ ಟೆರೆಥಾಲಿಕ್ ಆಮ್ಲವನ್ನೇ ಸತುವಿನೊಂದಿಗೆ ಜೋಡಿಸಿದರೆ ಬೇರೊಂದು ಲೋಕ ತೆರೆಯುತ್ತದೆ. 1999ರಲ್ಲಿ ಒಮರ್ ಯಾಘಿಯವರ ತಂಡ ಪ್ರಕಟಿಸಿದ ಎಂಒಎಫ್-5 ಅಂಥದ್ದು. ಸತುವಿನ ಗೊಂಚಲುಗಳ ನಡುವೆ ಈ ಉಂಗುರಗಳು ತೊಲೆಗಳಂತೆ ನಿಲ್ಲುತ್ತವೆ. ಉಂಗುರ ಬಾಗದ ಕಾರಣ ನಡುವಿನ ಬಯಲು ಕುಸಿಯುವುದಿಲ್ಲ. ಒಂದು ಗ್ರಾಮಿನೊಳಗೆ ಎರಡು ಸಾವಿರ ಚದರ ಮೀಟರಿಗೂ ಹೆಚ್ಚಿನ ಮೇಲ್ಮೈ ಅಡಗಿರುತ್ತದೆ; ಅನಿಲಗಳನ್ನು ಹಿಡಿದಿಡಲು ಅಷ್ಟು ಜಾಗ. ಇಂಥ ಲೋಹ-ಸಾವಯವ ಚೌಕಟ್ಟುಗಳಿಗಾಗಿಯೇ 2025ರ ನೊಬೆಲ್ ಯಾಘಿ, ಸುಸುಮು ಕಿತಗಾವ ಮತ್ತು ರಿಚರ್ಡ್ ರಾಬ್ಸನ್ ಅವರಿಗೆ ಸಂದಿತು.

ಇದೇ ಉಂಗುರ ಒಂದು ಕಡೆ ಬೆಟ್ಟದ ಪೊದೆಗಳಲ್ಲಿ ಸಿಕ್ಕಿಕೊಂಡ ಕಸ, ಇನ್ನೊಂದು ಕಡೆ ನೊಬೆಲ್. ಹಾಗಾಗಿ ತರಗತಿಯಲ್ಲಿ ನಾನು ಹೇಳುತ್ತಿದ್ದೆ: ವಸ್ತು ನಿರ್ದೋಷಿ, ಸೇತುವೆಗೆ ಪಾಪಪುಣ್ಯವಿಲ್ಲ, ಏನಿದ್ದರೂ ದಾಟಿದವರದು. ಈ ಮಾತು ನನಗೆ ಅಷ್ಟು ಪ್ರಿಯವಾಗಿದ್ದಕ್ಕೆ ಬೇರೆ ಕಾರಣವಿತ್ತು ಎಂದು ಈಗ ಅನ್ನಿಸುತ್ತದೆ.

ಹೊಲದ ಪಾಲಿನ ಜಗಳದಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರೂ ನನ್ನನ್ನೇ ನಡುವೆ ಓಡಾಡಿಸಿದ್ದರು. ಓದಿದ ಹುಡುಗ, ಇದ್ದದ್ದು ಇದ್ದಂಗೆ ಮುಟ್ಟಿಸುತ್ತಾನೆ ಎಂಬ ನಂಬಿಕೆ. ಕೊನೆಯ ದಿನ ದೊಡ್ಡಪ್ಪ ಕೋರ್ಟಿಗೆ ಹೋಗುತ್ತೇನೆಂದು ಕೂಗಾಡಿದರು. ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು, “ಬಾವಿ ಅವನೇ ಇಟ್ಕೊಳ್ಳಲಿ, ಮನಿಗೆ ಬರೋದು ಮಾತ್ರ ಬಿಡಬ್ಯಾಡ ಅನ್ನು” ಎಂದರು. ನಾನು ಮನೆಗೆ ಬಂದು ಕೋರ್ಟಿನ ಮಾತನ್ನಷ್ಟೇ ಹೇಳಿದೆ. ಒಂದಕ್ಷರ ಸುಳ್ಳು ಸೇರಿಸಲಿಲ್ಲ. ಅಪ್ಪ ಗೆಲ್ಲಬೇಕೆಂದು ನನಗಿತ್ತು, ಅಷ್ಟೆ.

“ನಾನು ಬರೀ ಸೇತುವೆ” ಎಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡೆ. ಆದರೆ ನಾನು ಕಲಿಸುವ ಶಾಸ್ತ್ರವೇ ಅದನ್ನು ಒಪ್ಪುವುದಿಲ್ಲ. 1904ರಲ್ಲಿ ಥೀಲೆ ತಯಾರಿಸಿದ ಹೈಡ್ರೋಕಾರ್ಬನ್ನಿನಲ್ಲಿ ಎರಡು ಕೊನೆಗಳು ಉಂಗುರದ ಎದುರುಬದುರು ಸ್ಥಾನಗಳಲ್ಲಿವೆ, ಅಂದರೆ ಪ್ಯಾರಾ. ಎರಡೂ ಕೊನೆಯ ಒಂಟಿ ಎಲೆಕ್ಟ್ರಾನುಗಳು ಉಂಗುರದ ಮೂಲಕ ಒಂದನ್ನೊಂದು ತಲುಪಿ ಜೋಡಿಯಾಗುತ್ತವೆ. 1915ರಲ್ಲಿ ಶ್ಲೆಂಕ್ ತಯಾರಿಸಿದ್ದರಲ್ಲಿ ಒಂದು ಕೊನೆ ಪಕ್ಕದ ಸ್ಥಾನಕ್ಕೆ ಸರಿದಿದೆ, ಅಂದರೆ ಮೆಟಾ. ಅಲ್ಲಿ ಅವು ಕೊನೆಗೂ ಜೋಡಿಯಾಗದೆ ಒಂಟಿಯಾಗಿಯೇ ಉಳಿಯುತ್ತವೆ. ಮೆಟಾ ಫಿನೈಲೀನ್ ನಡುವಿರುವ ಕೆಲವು ತಾಮ್ರದ ಸಂಕೀರ್ಣಗಳಲ್ಲೂ ಹೀಗೆಯೇ. ಉಂಗುರ ಅದೇ, ಪರಮಾಣುಗಳು ಅವೇ. ಎಲ್ಲಿ ಹಿಡಿದಿದೆ ಎಂಬುದರ ಮೇಲೆ ಆಚೀಚಿನವರ ಸಂಬಂಧ ನಿಂತಿದೆ.

2006ರಲ್ಲಿ ಲತಾ ವೆಂಕಟರಾಮನ್ ಮತ್ತು ಸಂಗಡಿಗರು ಒಂದೊಂದೇ ಅಣುವಿನಲ್ಲಿ ಹರಿಯುವ ವಿದ್ಯುತ್ತನ್ನು ಅಳೆದರು. ಜೋಡಿ ಉಂಗುರಗಳು ಒಂದೇ ಸಮತಲದಲ್ಲಿದ್ದಾಗ ಹರಿವು ಹೆಚ್ಚು. ಒಂದು ಇನ್ನೊಂದರಿಂದ ತಿರುಚಿಕೊಂಡಷ್ಟೂ ಹರಿವು ಇಳಿಯುತ್ತದೆ. ಬಂಧ ಎಲ್ಲೂ ಕಡಿದಿಲ್ಲ. ನಡುವಿನದು ಮುಖ ತಿರುಗಿಸಿದೆ, ಅಷ್ಟೆ.

ಹಾಗೆಂದು ಉಂಗುರವನ್ನು ಕಟಕಟೆಗೆ ತರಲಾಗದು. ತಾನು ಎಲ್ಲಿ ಹಿಡಿಯಬೇಕು, ಎಷ್ಟು ತಿರುಗಬೇಕು ಎಂಬ ಆಯ್ಕೆ ಅದಕ್ಕಿಲ್ಲ. ಅದಕ್ಕೆ ಪ್ರಭಾವವಿದೆ, ಹೊಣೆಯಿಲ್ಲ. ನನಗೆ ಎರಡೂ ಇದ್ದವು. ಮಾತು ಮುಟ್ಟಿಸುವವರು, ಅನುವಾದಿಸುವವರು, ಸುದ್ದಿ ಬರೆಯುವವರು, ನ್ಯಾಯಕ್ಕೆ ಕೂರುವವರು, ನಾವೆಲ್ಲ “ನಮ್ಮದೇನಿದೆ” ಎನ್ನುತ್ತೇವೆ. ದಾಟಿಸಿದ್ದರಲ್ಲಿ ನಮ್ಮ ಪಾಲು ಕಡಿಮೆ ಇರಬಹುದು. ತಡೆದು ನಿಲ್ಲಿಸಿದ್ದು ಮಾತ್ರ ಪೂರ್ತಿ ನಮ್ಮದೇ.

ಉಚ್ಚಂಗಿಯ ಪಾಂಡ್ಯರು ಆಳಿದ ಆ ಕೋಟೆಯ ಬಾಗಿಲಲ್ಲಿ ಕೂತು, “ಹೇಳಲಿಲ್ಲಣ್ಣ” ಎಂದೆ.

ಅವನು ಬಹಳ ಹೊತ್ತು ಮೆಟ್ಟಿಲಿನ ಜನರನ್ನೇ ನೋಡುತ್ತಿದ್ದ. “ಈಗ ಹೇಳಾಕ ಚಿಗಪ್ಪಾನೂ ಇಲ್ಲ, ಕೇಳಾಕ ನಮ್ಮಪ್ಪಾನೂ ಇಲ್ಲ” ಎಂದು ಎದ್ದ. ನನಗಾಗಿ ನಿಲ್ಲಲಿಲ್ಲ, ಹಾಗಂತ ಬಿರುಸಾಗಿಯೂ ಹೋಗಲಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ನಾನೂ ಹತ್ತತೊಡಗಿದೆ.